ಈ ಸಿನೆಮಾಕ್ಕೆ ಹೋಗಬಹುದಾ? ಕಾಸರಗೋಡಿನ ಕನ್ನಡ ಪ್ರೇಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮದುವೆ ಊಟದ ಸಾಲಿನಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಉತ್ತರದಲ್ಲಿ ಮಾಹಿತಿಯೂ ಉಂಟು, ನಮ್ಮ ಅಭಿಪ್ರಾಯವೂ ಉಂಟು. ಕಥೆಯ ಗುಟ್ಟು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ.

## ಹೊರಡುವ ಮೊದಲು

ಸಿನೆಮಾ ಹೇಗುಂಟು ಅಂತ ಕೇಳಿದ್ರೆ ಒಂದೇ ಮಾತಲ್ಲಿ ಯಾಕೆ ಹೇಳುದಿಲ್ಲ?

ಬೆಂಗಳೂರಿನವರಿಗೆ ಒಂದು ಮಾತು ಸಾಕು. ಹಿಡಿಸದಿದ್ದರೆ ಇಂಟರ್‌ವಲ್‌ಗೆ ಎದ್ದು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಹೆಚ್ಚಿನ ಕನ್ನಡ ಸಿನೆಮಾ ನೋಡಬೇಕಾದರೆ ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೋಗಬೇಕು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಹತ್ತಿರ ಹತ್ತಿರ 50 ಕಿಲೋಮೀಟರ್, ಹೋಗಿ ಬರಲು ನೂರು. ಅರ್ಧ ದಿನ ಅದಕ್ಕೇ ಬೇಕು.

ಆದ್ದರಿಂದ ನಾವು ಸಿನೆಮಾಗಳನ್ನು ಮೂರು ಪಾಲು ಮಾಡುತ್ತೇವೆ: ಮಂಗಳೂರಿಗೆ ಹೋಗಿಯಾದರೂ ನೋಡಬೇಕಾದ್ದು, ಊರ ಟಾಕೀಸಿಗೆ ಬಂದರೆ ನೋಡಬಹುದಾದ್ದು, ಮನೆಯಲ್ಲಿ ನೋಡಿದರೆ ಏನೂ ಕಳೆದುಕೊಳ್ಳದ್ದು. ಒಳ್ಳೆಯ ಸಿನೆಮಾಗಳಲ್ಲೂ ಮೂರನೇ ಪಾಲಿಗೆ ಸೇರುವವು ಬೇಕಾದಷ್ಟಿವೆ. ಮೂರು ನಕ್ಷತ್ರ, ಮೂರೂವರೆ ನಕ್ಷತ್ರ ಎಂಬ ಲೆಕ್ಕದಿಂದ ನಮಗೆ ಉಪಯೋಗವಿಲ್ಲ.

ನಾಲ್ಕು ಜನ ಮಂಗಳೂರಿಗೆ ಹೋಗಿ ನೋಡಿದ್ರೆ ಎಷ್ಟು ಬೀಳ್ತದೆ?

ಕಾರಾದರೆ ಲೆಕ್ಕ ಹೀಗೆ. ನೂರು ಕಿಲೋಮೀಟರಿಗೆ, ಲೀಟರಿಗೆ 15 ಹಿಡಿದರೆ, ಏಳು ಲೀಟರ್ ಪೆಟ್ರೋಲ್. ಅಂದರೆ 700 ರೂಪಾಯಿಯ ಮೇಲೆ. ತಲಪಾಡಿ ಟೋಲ್ ಬೇರೆ. ಪೆಟ್ರೋಲ್ ದರ ಕೇರಳಕ್ಕಿಂತ ಆಚೆ ಕಡೆ ಕಡಿಮೆ. ಹೋಗುವಾಗ ಗಡಿಯವರೆಗೆ ಸಾಕಾಗುವಷ್ಟು ಇಟ್ಟುಕೊಂಡು ದಾಟಿದ ಮೇಲೆ ತುಂಬಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ.

ಟಿಕೆಟ್ ದರ ವಾರದ ದಿನಕ್ಕೂ ಶನಿವಾರ, ಭಾನುವಾರಕ್ಕೂ ಬೇರೆಬೇರೆ. ಕರ್ನಾಟಕದಲ್ಲಿ ಟಿಕೆಟಿಗೆ 200 ರೂಪಾಯಿಯ ಮಿತಿ ಬಂದಿದೆಯಲ್ಲ ಎಂದು ಹಲವರು ಕೇಳುತ್ತಾರೆ. ಸರ್ಕಾರ ಆ ನಿಯಮ ತಂದದ್ದು 2025ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದ್ದರಿಂದ 200ರ ಲೆಕ್ಕ ಹಾಕಿ ಹೊರಡಬೇಡಿ, ಆ್ಯಪಿನಲ್ಲಿ ಕಾಣುವ ದರವನ್ನೇ ನಂಬಿ. ಜಿಎಸ್‌ಟಿ ಮಾತ್ರ ಎರಡೂ ಕಡೆ ಒಂದೇ: 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟಿಗೆ ಶೇ 5, ಅದರ ಮೇಲಿನದ್ದಕ್ಕೆ ಶೇ 18. ಆನ್‌ಲೈನ್ ಬುಕಿಂಗಿಗೆ ತಗಲುವ ಕನ್ವೀನಿಯನ್ಸ್ ಶುಲ್ಕ ಕೊನೆಯ ಪುಟದಲ್ಲಷ್ಟೇ ಕಾಣುತ್ತದೆ. ನಾಲ್ಕು ಟಿಕೆಟಿಗೆ ಅದು ಪಾಪ್‌ಕಾರ್ನಿನಷ್ಟು ಆಗದಿದ್ದರೂ ಚಹಾದ ದುಡ್ಡಿಗಿಂತ ಜಾಸ್ತಿಯೇ.

ರೈಲಲ್ಲಿ ಹೋಗಿ ಬರ್ಲಿಕ್ಕೆ ಯಾವ ಶೋ ಒಳ್ಳೆದು?

ಬೆಳಗ್ಗಿನದ್ದು, ಹೆಚ್ಚೆಂದರೆ ಮ್ಯಾಟಿನಿ. ಮಂಗಳೂರು ಸೆಂಟ್ರಲ್‌ನಿಂದ ಪಾಂಡೇಶ್ವರದ ಮಾಲ್, ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ ಎಲ್ಲವೂ ಹತ್ತಿರ. ಹಿಂದೆ ಬರಲು ಸಿಗುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ಎರಡೂ ಅಲ್ಲಿಂದ ಸಂಜೆ ಹೊರಡುವ ಗಾಡಿಗಳು. ಸಿನೆಮಾ ಮುಗಿಯುವ ಹೊತ್ತನ್ನು ಆ್ಯಪಿನ ಅವಧಿಯಿಂದ ಲೆಕ್ಕ ಹಾಕುವವರು ಎರಡು ಕಡೆ ತಪ್ಪುತ್ತಾರೆ. ಜಾಹೀರಾತು, ಟ್ರೇಲರ್ ಎಂದು ಮೊದಲಿಗೆ 10–15 ನಿಮಿಷ, ಇಂಟರ್‌ವಲ್‌ಗೆ ಇನ್ನೊಂದು 15 ನಿಮಿಷ ಸೇರಿಸಿ. ಎರಡೂವರೆ ಗಂಟೆಯ ಸಿನೆಮಾ ಎಂದರೆ ಮೂರು ಗಂಟೆ ಎಂದೇ ಹಿಡಿಯಿರಿ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಎಲ್ಲ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ, ನಿಮ್ಮ ಸ್ಟೇಷನ್ ನೋಡಿಕೊಂಡೇ ಟಿಕೆಟ್ ಮಾಡಿ.

ನಮಗೆ ಪೆರ್ಲ, ಮುಳ್ಳೇರಿಯ ಕಡೆ. ಮಂಗಳೂರೇ ಆಗ್ಬೇಕಾ?

ಬೇಡ. ಪೆರ್ಲದವರಿಗೆ ವಿಟ್ಲದ ಮೇಲೆ ಪುತ್ತೂರು ಹತ್ತಿರ, ಅಲ್ಲಿಯೂ ಮಲ್ಟಿಪ್ಲೆಕ್ಸ್ ಉಂಟು. ಮಂಗಳೂರಿನ ಟ್ರಾಫಿಕ್, ಪಾರ್ಕಿಂಗ್ ರಗಳೆ ಇಲ್ಲ. ಸಣ್ಣ ಕನ್ನಡ ಸಿನೆಮಾಗಳಿಗೆ ಪುತ್ತೂರಿನಲ್ಲಿ ಶೋ ಕಡಿಮೆ ಎಂಬುದೊಂದೇ ತೊಡಕು. ಬುಕಿಂಗ್ ಆ್ಯಪಿನಲ್ಲಿ ಊರು ‘ಕಾಸರಗೋಡು’ ಎಂದಿದ್ದರೆ ಪುತ್ತೂರಿನ ಶೋ ಕಾಣುವುದಿಲ್ಲ, ಮೇಲೆ ಊರು ಬದಲಿಸಬೇಕು.

## ಯಾವುದು ನೋಡುವಂಥದ್ದು

ಸು ಫ್ರಮ್ ಸೋ ಅಷ್ಟೆಲ್ಲ ಹೊಗಳುವಂಥದ್ದು ಎಂತ ಉಂಟು ಅದರಲ್ಲಿ?

ನಿರ್ದೇಶಕ, ನಾಯಕ ಎರಡೂ ಆಗಿರುವ ಜೆ.ಪಿ. ತುಮಿನಾಡು ಮಂಜೇಶ್ವರದ ಕಡೆಯವರು ಎಂಬ ಅಭಿಮಾನವನ್ನು ಬದಿಗಿಟ್ಟು ಹೇಳಿದರೂ 2025ರ ಜುಲೈ 25ಕ್ಕೆ ಬಂದ ಈ ಸಿನೆಮಾ ನೋಡುವಂಥದ್ದೇ. ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರಿಡೀ ನಂಬುತ್ತದೆ. ಕಥೆಯ ಎಳೆ ಇಷ್ಟೇ. ಗಟ್ಟಿಯಾದದ್ದು ಊರಿನ ಜನ. ಎಲ್ಲದರಲ್ಲಿಯೂ ಮುಂದೆ ನಿಲ್ಲುವ ರವಿಯಣ್ಣನಂಥವರು ಪ್ರತಿ ಊರಿನಲ್ಲಿಯೂ ಒಬ್ಬರಿರುತ್ತಾರೆ. ಶನೀಲ್ ಗೌತಮ್ ಆ ಪಾತ್ರವನ್ನು ನಡಿಗೆಯಲ್ಲೇ ಅರ್ಧ ಮಾಡಿ ಮುಗಿಸಿದ್ದಾರೆ. ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ ಜನ ನಿಲ್ಲುವ ಕ್ರಮ, ಮಾತಿನ ಮಧ್ಯೆ ಇನ್ನೊಬ್ಬರ ಮಾತು ಹಾಯುವ ರೀತಿ, ಇವೆಲ್ಲ ನಾಟಕದ ರಂಗದಿಂದ ಬಂದವರಿಗೆ ಮಾತ್ರ ದಕ್ಕುವಂಥವು.

ಕೊರತೆಯೂ ಉಂಟು. ಎರಡನೇ ಅರ್ಧದಲ್ಲಿ ನಗು ನಿಂತು ವಿಷಯ ಗಂಭೀರವಾಗುವ ತಿರುವು ಸ್ವಲ್ಪ ಅವಸರದ್ದು. ರಾಜ್ ಬಿ. ಶೆಟ್ಟಿಯವರ ಗುರೂಜಿ ಬಂದ ಮೇಲೆ ಊರಿನವರು ಹಿಂದೆ ಸರಿಯುತ್ತಾರೆ. ಇದು ಜನ ತುಂಬಿದ ಟಾಕೀಸಿನಲ್ಲಿ ನೋಡಬೇಕಾದ ಸಿನೆಮಾ. ಒಬ್ಬರೇ ಮೊಬೈಲಿನಲ್ಲಿ ನೋಡಿ “ಇದಕ್ಕೆ ಇಷ್ಟು ಗಲಾಟೆಯಾ?” ಎಂದವರು ನಮಗೆ ತುಂಬ ಸಿಕ್ಕಿದ್ದಾರೆ. ಅವರ ತಪ್ಪಲ್ಲ. ಹತ್ತು ಜನ ಒಟ್ಟಿಗೆ ಕೂತು ಟಿವಿಯಲ್ಲಿ ಹಾಕಿ ನೋಡಿ, ಬೇರೆಯದೇ ಸಿನೆಮಾ.

ಕಾಂತಾರ ಚಾಪ್ಟರ್ 1 ದೊಡ್ಡ ಪರದೆಯಲ್ಲೇ ನೋಡ್ಬೇಕಾ?

ಹೌದು, ಮೊದಲ ಪಾಲಿನದ್ದು. 2025ರ ಅಕ್ಟೋಬರ್ 2ರಂದು ಬಂದ ಈ ಸಿನೆಮಾ ಎರಡು ಮುಕ್ಕಾಲು ಗಂಟೆಗಿಂತ ಚೂರು ಜಾಸ್ತಿ ಉಂಟು. ಮೊದಲ ಒಂದು ಗಂಟೆಯ ತಮಾಷೆ ಎಲ್ಲ ಕಡೆ ಕೂರುವುದಿಲ್ಲ, ಅಲ್ಲಿ 15 ನಿಮಿಷ ಕತ್ತರಿಸಿದ್ದರೆ ನಷ್ಟವಿರಲಿಲ್ಲ. ರಥದ ದೃಶ್ಯದಿಂದ ಮುಂದೆ ಹಿಡಿತ ಬರುತ್ತದೆ. ಅರವಿಂದ್ ಕಶ್ಯಪ್ ಅವರ ಕ್ಯಾಮರಾ, ಅಜನೀಶ್ ಲೋಕನಾಥ್ ಅವರ ಸಂಗೀತ ಎರಡೂ ದೊಡ್ಡ ಪರದೆಯ ಅಳತೆಗೆ ಮಾಡಿದವು. ರಾಜನ ಪಾತ್ರದಲ್ಲಿ ಜಯರಾಂ ಇರುವುದರಿಂದ ಮಲಯಾಳಂ ಮಾತ್ರ ನೋಡುವ ಗೆಳೆಯರನ್ನು ಕರೆದುಕೊಂಡು ಹೋಗಲು ಕಾರಣವೂ ಸಿಗುತ್ತದೆ.

2022ರ ಕಾಂತಾರ ನೋಡದೆಯೂ ಇದು ಅರ್ಥವಾಗುತ್ತದೆ, ಕಥೆ ಅದಕ್ಕಿಂತ ನೂರಾರು ವರ್ಷ ಹಿಂದಿನದ್ದು. ಎರಡನ್ನೂ ಹೋಲಿಸಿದರೆ ಹಳೆಯದರ ಕೊನೆಯ 20 ನಿಮಿಷಕ್ಕೆ ಸಮ ಹೊಸದರಲ್ಲಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಒಬ್ಬ ಮನುಷ್ಯನ ಮುಖ ಸಾಕಾಗಿತ್ತು, ಇಲ್ಲಿ ಸೈನ್ಯ ಬೇಕಾಗಿದೆ.

ನಮ್ಮ ಕಾಸರಗೋಡಿನದ್ದೇ ಕಥೆ ಅಂತ ಹೇಳುವ ಸಿನೆಮಾಗಳಲ್ಲಿ ನಿಜವಾಗಿ ಯಾವುದು ಒಳ್ಳೆದು?

ಎರಡನ್ನು ಪಕ್ಕ ಪಕ್ಕ ಇಟ್ಟು ನೋಡಿ. 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಮುಚ್ಚುತ್ತಿರುವ ಕನ್ನಡ ಶಾಲೆಯ ಕಥೆ. ಅತ್ಯುತ್ತಮ ಮಕ್ಕಳ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂದದ್ದು. ಮಕ್ಕಳ ಅಭಿನಯ ಅಪ್ಪಟ. ಅನಂತ್ ನಾಗ್ ಬಂದ ಮೇಲೆ ಸಿನೆಮಾ ಅವರದ್ದೇ ಆಗಿಬಿಡುತ್ತದೆ, ಕೋರ್ಟಿನ ಭಾಷಣ ಕೈತಟ್ಟಿಸಲೆಂದೇ ಬರೆದದ್ದು. ಕನ್ನಡ, ಮಲಯಾಳಂ, ತುಳು, ಬ್ಯಾರಿ ಒಂದೇ ಅಂಗಡಿಯ ಜಗಲಿಯಲ್ಲಿ ಬೆರೆಯುವ ಊರನ್ನು ಅದು ಕನ್ನಡದವರು, ಮಲಯಾಳಂನವರು ಎಂದು ಎರಡಾಗಿ ಸೀಳಿದ್ದು ನಮಗೆ ಸರಿ ಕಾಣುವುದಿಲ್ಲ. ಆದರೂ ಮಕ್ಕಳಿಗೆ ತೋರಿಸಿ.

ಇನ್ನೊಂದು 2022ರ ಮಲಯಾಳಂ ಸಿನೆಮಾ ‘ನ್ನಾ ತಾನ್ ಕೇಸ್ ಕೊಡ್’. ರಸ್ತೆಯ ಹೊಂಡದ ದೆಸೆಯಿಂದ ಸಿಕ್ಕಿಬಿದ್ದ ಹಳೆಯ ಕಳ್ಳನೊಬ್ಬ ಮಂತ್ರಿಯ ಮೇಲೆ ಕೇಸು ಹಾಕುತ್ತಾನೆ. ಮಾತೆಲ್ಲ ಜಿಲ್ಲೆಯ ತೆಂಕು ಭಾಗದ ಮಲಯಾಳಂ. ಮ್ಯಾಜಿಸ್ಟ್ರೇಟರ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ನಿವೃತ್ತ ಅಧ್ಯಾಪಕರು, ಅದಕ್ಕೆ ಕೇರಳ ರಾಜ್ಯ ಪ್ರಶಸ್ತಿ ಪಡೆದರು. ಆ ಕೋರ್ಟಿನಲ್ಲಿ ಫ್ಯಾನ್ ತಿರುಗುವ, ಕಾಗದ ಹಾರುವ, ಸಾಕ್ಷಿ ತಡವರಿಸುವ ಕ್ರಮ ಕಂಡರೆ ಕೋರ್ಟಿನ ವರಾಂಡದಲ್ಲಿ ಕಾದವರಿಗೆ ನಗು ತಡೆಯುವುದಿಲ್ಲ. ನಮ್ಮ ಜಿಲ್ಲೆ ಪರದೆಯ ಮೇಲೆ ಚೆನ್ನಾಗಿ ಬಂದದ್ದು ಇದರಲ್ಲೇ. ಮನೆಯಲ್ಲಿ ನೋಡಿದರೂ ನಡೆಯುತ್ತದೆ, ಆದರೆ ಡಬ್ಬಿಂಗ್ ಬೇಡ.

ಗಲಾಟೆ ಇಲ್ಲದ, ಸಣ್ಣ ಕನ್ನಡ ಸಿನೆಮಾ ಯಾವುದಾದ್ರೂ ಹೇಳಿ.

‘ಮಿಥ್ಯ’, 2025ರ ಮಾರ್ಚಿನದ್ದು, ನಿರ್ದೇಶನ ಸುಮಂತ್ ಭಟ್. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಅಳಿಸಲು ಎಲ್ಲಿಯೂ ಪಿಟೀಲು ಕೊಯ್ಯುವುದಿಲ್ಲ. ನಿಧಾನ ಎಂದು ಕೆಲವರು ದೂರುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಫೋನ್ ದೂರ ಇಟ್ಟು ನೋಡಿ.

ಲೋಕಾ ಹೆಂಗಸರಿಗೆ, ಮಕ್ಕಳಿಗೆ ಹಿಡಿಸ್ತದಾ?

ಹದಿಹರೆಯದವರಿಗೆ ಖಂಡಿತ. ಕೇರಳದ ಯಕ್ಷಿ ನೀಲಿಯ ಹಳೆಯ ಕಥೆಯನ್ನು ಈ ಮಲಯಾಳಂ ಸಿನೆಮಾದಲ್ಲಿ ಈ ಕಾಲದ ಬೆಂಗಳೂರಿಗೆ ತಂದಿದ್ದಾರೆ, ಕಲ್ಯಾಣಿ ಪ್ರಿಯದರ್ಶನ್ ಹೆಚ್ಚು ಮಾತಿಲ್ಲದೆ ಸಿನೆಮಾವನ್ನು ಹೊತ್ತಿದ್ದಾರೆ. ಮೊದಲ ಅರ್ಧ ಬಲು ಚಂದ. ಎರಡನೆಯದು ಮುಂದಿನ ಭಾಗಕ್ಕೆ ದಾರಿ ಮಾಡುವುದರಲ್ಲೇ ಮುಗಿಯುತ್ತದೆ. ರಕ್ತ ಉಂಟು, ಚಿಕ್ಕ ಮಕ್ಕಳಿಗೆ ಬೇಡ.

## ಭಾಷೆ ಮತ್ತು ಡಬ್ಬಿಂಗ್

ಊರಿನ ಟಾಕೀಸಲ್ಲಿ ಮಲಯಾಳಂ ಡಬ್ ಬರ್ತದೆ. ಅದನ್ನೇ ನೋಡಿದ್ರೆ ಸಾಕಲ್ಲ?

ಸಿನೆಮಾ ಯಾವುದು ಎಂಬುದರ ಮೇಲೆ ಹೋಗುತ್ತದೆ. ಯುದ್ಧ, ಓಟ, ಹೊಡೆದಾಟ ಮುಖ್ಯವಾದ ಕಾಂತಾರ ಚಾಪ್ಟರ್ 1ರಲ್ಲಿ ಡಬ್ಬಿನಿಂದ ಕಾಲು ಭಾಗ ನಷ್ಟ. ಸು ಫ್ರಮ್ ಸೋದಲ್ಲಿ ಅರ್ಧಕ್ಕಿಂತ ಹೆಚ್ಚು. ಅದರ ನಗು ಮಾತಿನ ಎಳೆತದಲ್ಲಿ, “ಮಾರಾಯ” ಎಂಬುದನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದರಲ್ಲಿ ಉಂಟು. ಡಬ್ಬಿಂಗಿನಲ್ಲಿ ಮಾತು ತುಟಿಯ ಅಳತೆಗೆ ಬರಬೇಕು, ಆ ನಿಲುಗಡೆಗೆ ಜಾಗವಿರುವುದಿಲ್ಲ. ಎದುರು ನಿಂತ ಹತ್ತು ಜನರ ಗುಜುಗುಜು ಕೂಡ ಸ್ಟುಡಿಯೋದಲ್ಲಿ ಎರಡು ಮೂರು ದನಿಗೆ ಇಳಿಯುತ್ತದೆ.

ಡಬ್ ಯಾವಾಗ ಬರುತ್ತದೆ ಎಂಬುದಕ್ಕೂ ಒಂದು ಅಂದಾಜು ಉಂಟು. ದೊಡ್ಡ ಸಿನೆಮಾ ಅದೇ ದಿನ. ಸು ಫ್ರಮ್ ಸೋ ಮಲಯಾಳಂನಲ್ಲಿ ಬಂದದ್ದು ಒಂದು ವಾರ ಬಿಟ್ಟು, ಆಗಸ್ಟ್ 1ಕ್ಕೆ. 2022ರ ಕಾಂತಾರ ಮೂರು ವಾರ ಬಿಟ್ಟು, ಅಕ್ಟೋಬರ್ 20ಕ್ಕೆ. ಗೆಲ್ಲದ ಸಣ್ಣ ಸಿನೆಮಾಕ್ಕೆ ಡಬ್ಬೇ ಆಗುವುದಿಲ್ಲ, ಕಾಯಬೇಡಿ.

ಟಿಕೆಟ್ ತೆಗೆದ ಮೇಲೆ ನೋಡಿದ್ರೆ ಬೇರೆ ಭಾಷೆ! ಮೊದಲೇ ಗೊತ್ತಾಗುದು ಹೇಗೆ?

ಆ್ಯಪಿನಲ್ಲಿ ಸಿನೆಮಾದ ಹೆಸರು ಒತ್ತಿದ ಮೇಲೆ ಭಾಷೆ ಆರಿಸುವ ಪುಟ ಬರುತ್ತದೆ. ಅವಸರದಲ್ಲಿ ಮೊದಲ ಸಾಲನ್ನೇ ಒತ್ತುವುದರಿಂದ ಎಡವಟ್ಟಾಗುತ್ತದೆ. ಹಣ ಕಟ್ಟುವ ಪುಟದಲ್ಲಿ ಹೆಸರಿನ ಕೆಳಗೆ ‘ಕನ್ನಡ, 2ಡಿ’ ಎಂದು ಇನ್ನೊಮ್ಮೆ ಕಾಣುತ್ತದೆ, ಅಲ್ಲಿ ನಿಂತು ಓದಿ. ಕೌಂಟರಿನಲ್ಲಾದರೆ ಬಾಯಿಬಿಟ್ಟು ಕೇಳಿ, ಪೋಸ್ಟರಿನ ಲಿಪಿ ನಂಬಬೇಡಿ. ಟಿಕೆಟ್ ರದ್ದು ಮಾಡಲು ಎಲ್ಲ ಟಾಕೀಸಿನವರೂ ಬಿಡುವುದಿಲ್ಲ.

ಮಲಯಾಳಂ ಬಾರದ ಅಜ್ಜಿಗೆ ಮಲಯಾಳಂ ಸಿನೆಮಾ ತೋರಿಸುದು ಹೇಗೆ?

ಟಾಕೀಸಿನಲ್ಲಿ ಕಷ್ಟ, ಮನೆಯಲ್ಲಿ ಸುಲಭ. ಒಟಿಟಿಗೆ ಬರುವಾಗ ದೊಡ್ಡ ಮಲಯಾಳಂ ಸಿನೆಮಾಗಳಿಗೆ ಕನ್ನಡ ಧ್ವನಿಯೂ ಇರುತ್ತದೆ, ಲೋಕಾಕ್ಕೆ ಇತ್ತು. ಸಿನೆಮಾ ಓಡುತ್ತಿರುವಾಗ ಪರದೆ ಮುಟ್ಟಿ ‘ಆಡಿಯೋ’ ಎಂಬಲ್ಲಿ ಕನ್ನಡ ಆರಿಸಿ.

## ವಿಮರ್ಶೆ, ಸರ್ಟಿಫಿಕೇಟು

ಮೊದಲ ದಿನದ ರಿವ್ಯೂ ನಂಬಬಹುದಾ?

ಗುರುವಾರ, ಶುಕ್ರವಾರದ್ದು ಅಭಿಮಾನಿಗಳದ್ದು ಅಥವಾ ದುಡ್ಡಿನದ್ದು ಎಂದೇ ಹಿಡಿಯಿರಿ. ನಂಬಬೇಕಾದ್ದು ಸೋಮವಾರ ಸಂಜೆಯ ಸೀಟಿನ ನಕ್ಷೆ. ಆ್ಯಪಿನಲ್ಲಿ ಸೋಮವಾರದ ಸಂಜೆಯ ಶೋ ತೆರೆದು, ಹಣ ಕಟ್ಟದೆ, ಎಷ್ಟು ಸೀಟು ಹೋಗಿದೆ ನೋಡಿ. ರಜೆಯಿಲ್ಲದ ದಿನ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಜನ ಬಾಯಿಮಾತಿನಿಂದ ಬರುತ್ತಿದ್ದಾರೆ ಎಂದರ್ಥ.

ಇದರಲ್ಲೂ ಮೋಸಹೋಗುವ ಜಾಗ ಎರಡುಂಟು. ಹಳೆಯ ಟಾಕೀಸುಗಳು ಹೆಚ್ಚಿನ ಟಿಕೆಟನ್ನು ಕೌಂಟರಿನಲ್ಲೇ ಮಾರುತ್ತವೆ, ನಕ್ಷೆ ಖಾಲಿ ಕಂಡರೂ ಒಳಗೆ ಜನ ಇರಬಹುದು. ಕೆಲವು ಕಡೆ ಕೌಂಟರಿಗೆಂದು ಸಾಲಿಡೀ ತಡೆಹಿಡಿಯುತ್ತಾರೆ, ಆಗ ತುಂಬಿದ ಹಾಗೆ ಕಾಣುತ್ತದೆ. ಪೂರ್ತಿ ಒಂದೇ ಸಾಲು ಬೂದು ಬಣ್ಣವಾಗಿದ್ದರೆ ಅದು ತಡೆಹಿಡಿದದ್ದು, ಅಲ್ಲಲ್ಲಿ ಎರಡು, ನಾಲ್ಕು ಹೋಗಿದ್ದರೆ ಜನ ತೆಗೆದದ್ದು.

ಯುಎ 16+ ಅಂದ್ರೆ ಹತ್ತು ವರ್ಷದ ಮಗನನ್ನು ಒಳಗೆ ಬಿಡುದಿಲ್ವಾ?

ಬಿಡುತ್ತಾರೆ, ನೀವು ಜೊತೆಗಿರಬೇಕು. ಸೆನ್ಸಾರ್ ಸರ್ಟಿಫಿಕೇಟಿನ 2024ರ ನಿಯಮದಲ್ಲಿ ಯುಎಯನ್ನು 7+, 13+, 16+ ಎಂದು ಮೂರು ಮಾಡಿದರು. ಅದು ಹೆತ್ತವರಿಗೆ ಕೊಟ್ಟ ಸೂಚನೆ, ನಿಷೇಧವಲ್ಲ. ‘ಎ’ ಮಾತ್ರ ಖಡಾಖಂಡಿತ: 18 ತುಂಬದವರನ್ನು ಅಪ್ಪ ಅಮ್ಮನ ಜೊತೆ ಬಂದರೂ ಬಿಡುವ ಹಾಗಿಲ್ಲ, ಮಲ್ಟಿಪ್ಲೆಕ್ಸಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಕಾಂತಾರ ಚಾಪ್ಟರ್ 1 ಯುಎ 16+. ಹತ್ತರ ಹುಡುಗ ರಕ್ತಕ್ಕಿಂತ ಶಬ್ದಕ್ಕೆ ಹೆಚ್ಚು ಹೆದರುತ್ತಾನೆ, ಬದಿಯ ಸ್ಪೀಕರಿನ ಹತ್ತಿರ ಕೂರಿಸಬೇಡಿ. ಹಿಂದಿನಿಂದ ಮೂರನೇ ಒಂದರಷ್ಟು ಬಿಟ್ಟು ನಡುವಿನ ಸೀಟು ಎಲ್ಲರಿಗೂ ಹಿತ.

## ಮನೆಯಲ್ಲಿ ನೋಡುವವರಿಗೆ

ಒಟಿಟಿಗೆ ಬರ್ಲಿಕ್ಕೆ ಎಷ್ಟು ದಿನ ಕಾಯ್ಬೇಕು?

ನಾಲ್ಕರಿಂದ ಒಂಬತ್ತು ವಾರ. ಕಾಂತಾರ ಚಾಪ್ಟರ್ 1 ದಕ್ಷಿಣದ ಭಾಷೆಗಳಲ್ಲಿ ಅಕ್ಟೋಬರ್ 31ಕ್ಕೇ ಬಂತು, ನಾಲ್ಕು ವಾರದ ಲೆಕ್ಕ. ಸು ಫ್ರಮ್ ಸೋ ಸೆಪ್ಟೆಂಬರ್ 9ಕ್ಕೆ, ಆರೂವರೆ ವಾರ. ಆಗಸ್ಟ್ 28ರ ಲೋಕಾ ಅಕ್ಟೋಬರ್ 31ಕ್ಕೆ, ಒಂಬತ್ತು ವಾರ. ಟಾಕೀಸಿನಲ್ಲಿ ಕಂಡದ್ದೇ ಮನೆಯಲ್ಲಿ ಬರುತ್ತದೆ ಎಂದೂ ಇಲ್ಲ. 2022ರ ಕಾಂತಾರ ಒಟಿಟಿಗೆ ಬಂದಾಗ ಹಕ್ಕಿನ ತಕರಾರಿನಿಂದ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತು, ಆಮೇಲೆ ಮೊದಲಿನದ್ದನ್ನು ಹಾಕಿದರು.

ಮಾತು ಕೇಳುದಿಲ್ಲ, ಹಾಡು ಬಂದ್ರೆ ಕಿವಿ ಒಡೀತದೆ. ಟಿವಿ ಹಾಳಾ?

ಟಿವಿ ಹಾಳಲ್ಲ. ಸಿನೆಮಾದ ಧ್ವನಿ 5.1ರಲ್ಲಿ, ಅಂದರೆ ಐದು ಸ್ಪೀಕರಿಗೆ ಮತ್ತು ಒಂದು ವೂಫರಿಗೆ ಹಂಚಿ ಇರುತ್ತದೆ, ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಎಂದು ಮಾಡಿದ್ದು. ಟಿವಿಯಲ್ಲಿ ಆ ಸ್ಪೀಕರ್ ಇಲ್ಲ, ಎಲ್ಲವನ್ನೂ ಎರಡಕ್ಕೆ ಇಳಿಸುವಾಗ ಮಾತು ಅಡಿಗೆ ಹೋಗುತ್ತದೆ. ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ಇದ್ದರೆ ಅದನ್ನು ಹಾಕಿ. ಟಿವಿಯ ಸೆಟ್ಟಿಂಗಿನಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ‘ನೈಟ್ ಮೋಡ್’ ಎಂದು ಇರುತ್ತದೆ, ಅದು ದೊಡ್ಡ ಶಬ್ದವನ್ನು ತಗ್ಗಿಸಿ ಮಾತನ್ನು ಎತ್ತುತ್ತದೆ. ಮೊಬೈಲ್ ಡೇಟಾದಲ್ಲಿ ನೋಡುವವರು ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ ಎಂದು ನೆನಪಿಡಿ.

ತುಳು ಸಿನೆಮಾ ಒಟಿಟಿಯಲ್ಲಿ ಹುಡುಕಿದ್ರೆ ಸಿಗುದೇ ಇಲ್ಲ?

ಹೆಚ್ಚಿನವು ಬರುವುದಿಲ್ಲ. ಕರಾವಳಿಯ ಟಾಕೀಸಿನಲ್ಲಿ ಓಡಿದ್ದೇ ಓಡಿದ್ದು. ಆದ್ದರಿಂದ ತುಳುವಿಗೆ ನಮ್ಮ ಲೆಕ್ಕ ತಿರುಗುಮುರುಗು: ಸಾಧಾರಣ ಎಂದು ಕೇಳಿದರೂ ಮೊದಲ ಎರಡು ವಾರದಲ್ಲೇ ಹೋಗಿ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು ಮೂವರೂ ಒಂದೇ ದೃಶ್ಯದಲ್ಲಿ ಇದ್ದರೆ ಕಥೆ ಯಾರು ಕೇಳುತ್ತಾರೆ.

ಟೆಲಿಗ್ರಾಮಲ್ಲಿ ಬಂದದ್ದು ನೋಡಿದ್ರೆ ಎಂತ ಆಗ್ತದೆ?

ಟಾಕೀಸಿನಲ್ಲಿ ಕದ್ದು ಹಿಡಿದದ್ದು ಅದು. ಮುಂದಿನವರ ತಲೆ ಕಾಣುತ್ತದೆ, ಕತ್ತಲ ದೃಶ್ಯ ಪೂರ್ತಿ ಕಪ್ಪು, ಮಾತು ಬಾವಿಯಿಂದ ಬಂದ ಹಾಗೆ. ಹಿಡಿಯುವವರಿಗೆ, ಅದನ್ನು ಲಾಭಕ್ಕಾಗಿ ಜನರಿಗೆ ತೋರಿಸುವವರಿಗೆ 2023ರ ಸಿನೆಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ.

## ಇನ್ನೂ ಆಳಕ್ಕೆ

ಮಂಗಳೂರಲ್ಲಿ ನೋಡಿದವನಿಗೆ ಚಂದ ಕಂಡದ್ದು ನಮಗೆ ಮಂಕಾಗಿ ಕಂಡಿತು. ಯಾಕೆ?

ಪ್ರೊಜೆಕ್ಟರಿನ ಲ್ಯಾಂಪ್. ಹಳತಾದ ಹಾಗೆ ಬೆಳಕು ಇಳಿಯುತ್ತದೆ, ಬದಲಿಸಲು ಖರ್ಚು ಜಾಸ್ತಿ ಎಂದು ಕೆಲವರು ಎಳೆಯುತ್ತಾರೆ. ಹಗಲಿನ ದೃಶ್ಯದಲ್ಲಿ ಗೊತ್ತಾಗುವುದಿಲ್ಲ. ಪಂಜಿನ ಬೆಳಕಿನ ದೃಶ್ಯ, ಕಾಡಿನ ರಾತ್ರಿ ಬೂದಿ ಬಣ್ಣಕ್ಕೆ ತಿರುಗುತ್ತವೆ. ಕಪ್ಪು ಬಿಳುಪಿನ ‘ಭ್ರಮಯುಗಂ’ನಂಥದ್ದಕ್ಕೆ ಇದು ಮಾರಕ. ಕತ್ತಲೆ ಜಾಸ್ತಿ ಇರುವ ಸಿನೆಮಾಕ್ಕೆ ಮಾತ್ರ ಟಾಕೀಸು ಆರಿಸುವಾಗ ಹೊಸ ಪರದೆಯನ್ನೇ ಹಿಡಿಯಿರಿ. ತಮಾಷೆ ಸಿನೆಮಾಕ್ಕೆ ಯಾವುದಾದರೂ ನಡೆಯುತ್ತದೆ.

ನಮ್ಮೂರಿನ ಟಾಕೀಸಿಗೆ ಕನ್ನಡದ್ದೇ ಪ್ರತಿ ತರಿಸ್ಲಿಕ್ಕೆ ಆಗ್ತದಾ?

ಆಗುತ್ತದೆ, ಸಂಘವೋ ಶಾಲೆಯ ಹಳೆ ವಿದ್ಯಾರ್ಥಿಗಳೋ ಸೇರಿ ಒಂದು ಶೋ ತುಂಬಿಸುತ್ತೇವೆ ಎಂದು ಹೇಳಿದರೆ ಮ್ಯಾನೇಜರು ಬೇಡ ಎನ್ನುವುದು ಕಡಿಮೆ. 200 ಸೀಟಿನ ಪರದೆ, ಟಿಕೆಟ್ 130 ಎಂದಾದರೆ 26,000 ರೂಪಾಯಿಯ ಭರವಸೆ ಬೇಕು. ಶುಕ್ರವಾರದ ಪಟ್ಟಿ ಅದಕ್ಕೆ ಎರಡು ಮೂರು ದಿನ ಮೊದಲೇ ನಿಗದಿಯಾಗುತ್ತದೆ, ಸೋಮವಾರವೇ ಮಾತಾಡಿ. ಬೆಳಗ್ಗಿನ ಶೋ ಕೇಳಿದರೆ ಒಪ್ಪಿಗೆ ಬೇಗ ಸಿಗುತ್ತದೆ, ಆ ಹೊತ್ತಿಗೆ ಅವರಿಗೂ ಜನ ಕಡಿಮೆ.

ಈಗ ರೀಲು ಇಲ್ಲ, ಸಿನೆಮಾ ಬೀಗ ಹಾಕಿದ ಫೈಲಿನಲ್ಲಿ ಬರುತ್ತದೆ. ತೆರೆಯುವ ಕೀ ಆ ಟಾಕೀಸಿನ ಸರ್ವರಿಗೆ ಮಾತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಮಾಡಿಕೊಡುತ್ತಾರೆ. ಶೋ ತಡವಾಗುವುದು, ರದ್ದಾಗುವುದು ಹೆಚ್ಚಾಗಿ ಇಲ್ಲಿಯೇ: ಮಲಯಾಳಂ ಡಬ್ಬಿನ ಕೀ ಬಂದಿರುತ್ತದೆ, ಕನ್ನಡದ್ದು ಬಂದಿರುವುದಿಲ್ಲ, ಅಥವಾ ಹೊತ್ತು ಮಧ್ಯಾಹ್ನದ ನಂತರದ್ದು ಆಗಿರುತ್ತದೆ. ಹಿಂದಿನ ದಿನ ಸಂಜೆ ಪ್ರೊಜೆಕ್ಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಎರಡೇ ಕೇಳಿ: ಕನ್ನಡ ಫೈಲ್ ಹಾಕಿ ಆಯಿತಾ, ಕೀ ಎಷ್ಟು ಗಂಟೆಯಿಂದ?